ನಿಂತೋಯ್ತು ಅಣ್ಣ

ಹೋದ ತಿಂಗಳ ಒಂದು ಭಾನುವಾರ ಮಳವಳ್ಳಿಯಲ್ಲಿ ತಮ್ಮನ ಜೊತೆ ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆ ನಿಂತಿದ್ದೆ. ನಮ್ಮ ತೆರೆದ ಬಾವಿಯ ಮೋಟರ್ ಸುಟ್ಟುಹೋಗಿತ್ತು. ಹೊಸದಾಗಿ ತಂತಿ ಸುತ್ತಿ, ವಾರ್ನಿಷ್ ಬಳಿದು ಒಣಗಲು ಇಟ್ಟಿದ್ದರು. ಒಳಗಿನಿಂದ ಆ ವಾಸನೆ ಬಂತು... ಬಿಸಿ ವಾರ್ನಿಷ್, ಗ್ರೀಸು, ಜೊತೆಗೆ ಒದ್ದೆ ಕಬ್ಬಿಣದ ಒಂಥರಾ ಹುಳಿ. ತಮ್ಮ ಏನೋ ಹೇಳುತ್ತಿದ್ದ. ಒಂದೂ ತಲೆಗೆ ಹೋಗಲಿಲ್ಲ. ಫಿಟ್ಟರಣ್ಣ ಹತ್ತಿರ ಬಂದು ನಿಂತರೆ ಅವರ ಶರಟಿನಿಂದ ಬರುತ್ತಿದ್ದ ವಾಸನೆ ಅದು.

ಹನ್ನೆರಡು ವರ್ಷದ ಹಿಂದಿನ ಮಾತು. ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿದವಳೇ ಮದ್ದೂರಿನ ಹೊರಗಿದ್ದ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದೆ. ನೀರೆತ್ತುವ ಪಂಪು ಜೋಡಿಸಿ, ಪರೀಕ್ಷೆ ಮಾಡಿ ಕಳಿಸುವ ಕಡೆ. ಒಂದು ದೊಡ್ಡ ಶೆಡ್ಡು, ಹತ್ತು ಹನ್ನೆರಡು ಜನ, ಒಬ್ಬ ಯಜಮಾನರು. ಶೆಡ್ಡಿನ ಕೊನೆಯಲ್ಲಿ ನೀರಿನ ತೊಟ್ಟಿ, ಅದರ ಪಕ್ಕ ಪರೀಕ್ಷೆಯ ಬೆಂಚು. ಆ ಬೆಂಚು ಫಿಟ್ಟರಣ್ಣನದು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಯಜಮಾನರಿಗೂ ಅವರು ಫಿಟ್ಟರಣ್ಣನೇ.

ಅವರು ಮಳವಳ್ಳಿ ಆಚೆಯ ಬ್ಲಫ್ ಅನ್ನುವ ಊರಿನ ಕಡೆಯವರು. ಅಪ್ಪ ಅಲ್ಲಿನ ಪವರ್‌ಹೌಸಿನಲ್ಲಿ ಇದ್ದವರಂತೆ. ಇವರು ಹುಟ್ಟಿ ಬೆಳೆದದ್ದು ಮಿಷನ್ನುಗಳ ಪಕ್ಕದಲ್ಲೇ. ಆಗಲೇ ಐವತ್ತು ದಾಟಿತ್ತು. ಬೆಳಿಗ್ಗೆ ಮಳವಳ್ಳಿಗೆ ಬಂದು ಅಲ್ಲಿಂದ ನಾನು ಹತ್ತುವ ಬಸ್ಸನ್ನೇ ಹತ್ತುತ್ತಿದ್ದರು. ಬಸ್ಸಿನಲ್ಲಿ ಮಾತ್ರ ಒಂದು ಮಾತೂ ಇಲ್ಲ. ನಾನು ನಮಸ್ಕಾರ ಅಂದರೆ ತಲೆಯಾಡಿಸಿ ಕಿಟಕಿ ಕಡೆ ತಿರುಗುತ್ತಿದ್ದರು. ಶೆಡ್ಡಿಗೆ ಬಂದರೆ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಹೆಣ್ಣುಮಗಳ ಜೊತೆ ಮಾತಾಡಬಾರದು ಅಂತಲೋ ಏನೋ, ಹಳೇ ಕಾಲದವರು ಅಂದುಕೊಂಡಿದ್ದೆ.

ಪಂಪು ಸರಿಯಿದೆಯೋ ಇಲ್ಲವೋ ನೋಡಲು ಬೇರೆಯವರು ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಇವರು ಅಂಗೈ ಇಡುತ್ತಿದ್ದರು, ಅಷ್ಟೇ. ಕಣ್ಣು ಅರ್ಧ ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಇದ್ದು, "ಇಂದ್ಗಡೆ ಬೇರಿಂಗು ಓಗದೆ, ಬಿಚ್ರಲಾ" ಅನ್ನುತ್ತಿದ್ದರು. ಬಿಚ್ಚಿದರೆ ಹೋಗಿರುತ್ತಿತ್ತು.

ಆ ವರ್ಷ ಯಜಮಾನರು ಬೆಂಚಿಗೆ ಕಂಪ್ಯೂಟರ್ ಹಾಕಿಸಿದರು. ಓಡು, ನಿಲ್ಲು ಪರೀಕ್ಷೆ ಅಂತ ಒಂದಿತ್ತು. ಮೋಟರು ಹತ್ತು ನಿಮಿಷ ಓಡಬೇಕು, ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಹತ್ತು ನಿಮಿಷ. ಹೀಗೆ ದಿನವಿಡೀ. ಓಡುವಷ್ಟು ಹೊತ್ತೂ ನೀರಿನ ಒತ್ತಡ, ಕರೆಂಟು ಎಲ್ಲ ಅಳೆದು ಬರೆದಿಡಬೇಕು. ಅದಕ್ಕೆ ಪ್ರೋಗ್ರಾಂ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಕಲಿತಿದ್ದೆ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಬಂಡವಾಳ ಇರಲಿಲ್ಲ.

ಅದು ಸಾಲು ಸಾಲಾಗಿ ಬರೆಯುವ ಪ್ರೋಗ್ರಾಂ ಅಲ್ಲ. ಪರದೆಯ ಮೇಲೆ ಚಿತ್ರ ಬರೆದಂತೆ. ಚೌಕಗಳನ್ನು ತಂದಿಡಬೇಕು, ಒಂದರಿಂದ ಇನ್ನೊಂದಕ್ಕೆ ಮೌಸಿನಲ್ಲಿ ತಂತಿ ಎಳೆಯಬೇಕು. ಲೂಪ್ ಅಂದರೆ ಒಂದು ಪೆಟ್ಟಿಗೆ. ಅದರೊಳಗೆ ಇಟ್ಟದ್ದೆಲ್ಲ ಸಾಕು ಅನ್ನುವ ತನಕ ಮತ್ತೆ ಮತ್ತೆ ನಡೆಯುತ್ತದೆ. ನಾನು ಒಂದು ದೊಡ್ಡ ಪೆಟ್ಟಿಗೆ ಹಾಕಿದೆ, ಅದರೊಳಗೆ ಒಂದು ಸಣ್ಣದು. ಸಣ್ಣದು ಮೋಟರ್ ಓಡುವಾಗ ಅಳೆಯುವುದಕ್ಕೆ, ದೊಡ್ಡದು ಓಡು, ನಿಲ್ಲು, ಮತ್ತೆ ಓಡು ಅನ್ನುವುದಕ್ಕೆ. ದೊಡ್ಡ ಪೆಟ್ಟಿಗೆಯಲ್ಲಿ ಒಂದು ನಿಲ್ಲಿಸುವ ಬಟನ್ ಇಟ್ಟೆ.

ಮೊದಲ ದಿನ ಎಲ್ಲರೂ ಸುತ್ತ ನಿಂತು ನೋಡಿದರು. ಮೋಟರ್ ತಾನಾಗಿ ಓಡಿತು. ಪರದೆಯ ಮೇಲೆ ಗೆರೆ ಏರಿತು. ನಾನು ಹೆಮ್ಮೆಯಿಂದ ನಿಲ್ಲಿಸುವ ಬಟನ್ ಒತ್ತಿದೆ. ಮೋಟರ್ ಓಡುತ್ತಲೇ ಇತ್ತು. ಮತ್ತೆ ಒತ್ತಿದೆ. ಓಡುತ್ತಲೇ ಇತ್ತು. ಗಾಬರಿಯಾಗಿ ಮೇಲುಗಡೆ ಇದ್ದ ಕೆಂಪು ಗುಂಡಿ ಒತ್ತಿದೆ, ಅದು ಇಡೀ ಪ್ರೋಗ್ರಾಮನ್ನೇ ಕುತ್ತಿಗೆ ಹಿಡಿದು ನಿಲ್ಲಿಸುವಂಥದ್ದು. ಪರದೆ ಸತ್ತಂತಾಯಿತು, ಮೋಟರ್ ಮಾತ್ರ ತಿರುಗುತ್ತಲೇ ಇತ್ತು! ಕೊನೆಯದಾಗಿ ಹೋಗಿದ್ದ ಓಡು ಅನ್ನುವ ಆಜ್ಞೆ ಹಾಗೇ ಉಳಿದುಬಿಟ್ಟಿತ್ತು. ಫಿಟ್ಟರಣ್ಣ ಹೋಗಿ ಗೋಡೆಯ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದರು. ಆಮೇಲೆ ನನ್ನ ಎದುರಿಗೇ ಬಂದು, ಮುಖ ನೋಡಿ ಹೇಳಿದರು:

"ನಿಂದು ಸುರುವಾಗೋದು ಚೆಂದಾಗದೆ ಕಣವ್ವ. ನಿಲ್ಲೋದು ಎಂಗೆ?"

ಎಂಗೆ ಅಂತ ನನಗೂ ಗೊತ್ತಿರಲಿಲ್ಲ. ಕೈಗೆ ಸೀಮೆಸುಣ್ಣ ಕೊಟ್ಟು, ನೆಲದ ಮೇಲೆ ಬರೆದು ತೋರಿಸು ಅಂದರು. ದೊಡ್ಡ ಪೆಟ್ಟಿಗೆ, ಒಳಗೆ ಸಣ್ಣ ಪೆಟ್ಟಿಗೆ, ತಂತಿಗಳು, ಬಟನ್... ಎಲ್ಲ ಬರೆದೆ. ಕುಕ್ಕರಗಾಲಲ್ಲಿ ಕೂತು ನೋಡಿದರು. ಕಂಪ್ಯೂಟರ್ ಮುಟ್ಟಿದವರಲ್ಲ ಅವರು. ಆದರೂ ಐದು ನಿಮಿಷದಲ್ಲಿ ಬಟನ್ನಿನ ಮೇಲೆ ಬೆರಳಿಟ್ಟು, "ಇದು ಆಚೆ ಪೆಟ್ಗೆಲಿ ಅದೆ. ಒಳಗಿರೋನ್ಗೆ ಯಾರ್ ಯೋಳ್ತಾರೆ?" ಅಂದರು.

ಹೌದಲ್ಲ ಅನ್ನಿಸಿತು. ಒಳಗಿನ ಲೂಪ್ ಮುಗಿಯುವ ತನಕ ಹೊರಗಿನದು ಬಟನ್ ಕಡೆ ತಿರುಗಿಯೂ ನೋಡುವುದಿಲ್ಲ. ಬಟನ್ನಿನಿಂದ ಸಣ್ಣ ಪೆಟ್ಟಿಗೆಯೊಳಕ್ಕೆ ಒಂದು ತಂತಿ ಎಳೆದೆ. ಮಾರನೇ ದಿನ ಓಡಿಸಿದರೆ ಅದೇ ಕಥೆ. ಮೂರು ದಿನ ತಲೆ ಕೆರೆದುಕೊಂಡೆ. ಬಸ್ಸಿನಲ್ಲಿ ನೋಟುಬುಕ್ಕು, ಮನೆಯಲ್ಲಿ ಊಟದ ತಟ್ಟೆಯ ಪಕ್ಕ ನೋಟುಬುಕ್ಕು. ಕೊನೆಗೆ ಪುಸ್ತಕದಲ್ಲಿ ಸಿಕ್ಕಿತು. ಪೆಟ್ಟಿಗೆಯ ಗೋಡೆ ದಾಟಿ ಒಳಗೆ ಹೋಗುವ ತಂತಿಯಲ್ಲಿ ಏನಿದೆ ಅಂತ ಲೂಪ್ ನೋಡುವುದು ಶುರುವಿನಲ್ಲಿ ಒಂದೇ ಒಂದು ಸಲ. ಆಮೇಲೆ ಹೊರಗೆ ಬಟನ್ ಒತ್ತಿದರೂ ಒಳಗಡೆ ಇರುವುದು ಹಳೆಯ ಸುದ್ದಿಯೇ. ಇದನ್ನು ಫಿಟ್ಟರಣ್ಣನಿಗೆ ಹೇಳಿದಾಗ ನಕ್ಕರು.

"ಬಾಗ್ಲಲ್ಲಿ ಒಂದ್ಸಲ ಕೇಳ್ಕಂಡು ಒಳೀಕೋದೋನು, ಆಮೇಲೆ ಆಚೆ ಏನಾಯ್ತು ಅಂತ ಎಂಗ್ ತಿಳ್ಕತಾನವ್ವ?"

ಸರಿ, ಬಟನ್ನನ್ನೇ ಎತ್ತಿ ಸಣ್ಣ ಪೆಟ್ಟಿಗೆಯೊಳಗೆ ಇಟ್ಟೆ.

ಆ ದಿನ ಬುಧವಾರ. ಮಧ್ಯಾಹ್ನದ ಊಟಕ್ಕೆ ಇನ್ನೂ ಬಿಟ್ಟಿರಲಿಲ್ಲ. ಬೆಂಚಿನ ಮೇಲೆ ಒಂದು ಪಂಪು ಓಡುತ್ತಿತ್ತು. ಮೋಟರನ್ನೂ ಪಂಪನ್ನೂ ಸೇರಿಸುವ ಕಪ್ಲಿಂಗಿನ ಒಂದು ಬೋಲ್ಟು ಸಡಿಲವಾಗಿ ಕಟಕಟ ಅನ್ನುತ್ತಿತ್ತು. ಅದರ ಮೇಲಿನ ಮುಚ್ಚಳವನ್ನು ಬೆಳಿಗ್ಗೆಯೇ ಬಿಚ್ಚಿಟ್ಟಿದ್ದರು. ನಿಲ್ಲಿಸು ಅಂತ ಫಿಟ್ಟರಣ್ಣ ಕೈಸನ್ನೆ ಮಾಡಿದರು. ನಾನು ಹೊಸ ಬಟನ್ ಒತ್ತಿದೆ. ಮೋಟರ್ ನಿಂತಿತು. ಒತ್ತಿದ ತಕ್ಷಣ, ಮೆತ್ತಗೆ, ಚೆನ್ನಾಗಿ ನಿಂತಿತು. ನನಗೆ ಆದ ಖುಷಿ ಹೇಳತೀರದು. ಮಾನಿಟರ್ ಹಿಂದೆ ಕೂತಲ್ಲಿಂದಲೇ ಕೂಗಿದೆ:

"ನಿಂತೋಯ್ತು ಅಣ್ಣ!"

ಅವರು ಸ್ಪಾನರ್ ಹಿಡಿದು ಬೆಂಚಿನ ಆ ಪಕ್ಕಕ್ಕೆ ಹೋದರು.

ಏನಾಯಿತೆಂದರೆ, ನಿಂತದ್ದು ಒಳಗಿನ ಲೂಪ್ ಮಾತ್ರ. ಹೊರಗಿನದಕ್ಕೆ ನಾನು ಏನೂ ಹೇಳಿರಲಿಲ್ಲ. ಒಂದು ಸುತ್ತು ಮುಗಿಯಿತು ಅಂತ ತಿಳಿದು ಅದು ತನ್ನ ಪಾಡಿಗೆ ಒಂದು ನಿಮಿಷ ಕಾಯುತ್ತಿತ್ತು. ನಾನು ಪರದೆಯಲ್ಲಿ ಏನೋ ಅಂಕಿ ನೋಡುತ್ತಿದ್ದೆ. ಯಾವುದು ಅಂತ ಈಗ ನೆನಪಿಲ್ಲ. ನಿಮಿಷ ತುಂಬಿತು. ಮೋಟರ್ ಶುರುವಾಯಿತು.

ಅವರು ಕೂಗಲಿಲ್ಲ. ಅದು ನನಗೆ ಈಗಲೂ ಅರ್ಥವಾಗುವುದಿಲ್ಲ. ಸ್ಪಾನರ್ ಹಾರಿ ತಗಡಿಗೆ ಬಡಿದ ಸದ್ದು ಕೇಳಿ ನಾನು ಎದ್ದು ನಿಂತೆ. ಬಲಗೈಯನ್ನು ಎದೆಗೆ ಒತ್ತಿಕೊಂಡು ಅವರು ಗೋಡೆ ತನಕ ನಡೆದು ಹೋಗಿ, ಎಡಗೈಯಲ್ಲಿ ಮೇನ್ ಸ್ವಿಚ್ಚಿನ ಹಿಡಿ ಎಳೆದು, ಆಮೇಲೆ ಅಲ್ಲೇ ನೆಲದ ಮೇಲೆ ಕೂತರು. ಶರಟೆಲ್ಲ ರಕ್ತ.

ಯಜಮಾನರು ಓಡಿ ಬಂದು "ಯಾರ್ರೀ ಸ್ವಿಚ್ ಹಾಕಿದ್ದು?" ಅಂದರು. ನಾನು ಮಾನಿಟರ್ ಹಿಂದೆಯೇ ನಿಂತಿದ್ದೆ. ಎದುರಿಗೇ ನಿಂತಿದ್ದ ಯಜಮಾನರ ಮುಖ ನೋಡುತ್ತಾ ಫಿಟ್ಟರಣ್ಣನೇ ಹೇಳಿದರು:

"ಯಾರೂ ಆಕ್ನಿಲ್ಲ ಬುಡಿ ಯಜಮಾನ್ರೆ. ಮೇನ್ ಎಳೀದೆ ಕೈ ಆಕ್ಬುಟ್ಟೆ. ನಂದೇ ತೆಪ್ಪು."

ಯಜಮಾನರ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಬೆರಳು ಪೂರ್ತಿ, ಇನ್ನೊಂದರಲ್ಲಿ ಅರ್ಧ ಹೋಯಿತು. ಅಂಗೈಯಲ್ಲೂ ಆಳವಾದ ಗಾಯ.

ಮೇನ್ ಎಳೆಯದೆ ಅವರು ಬೆಂಚು ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ಒಂದು ದಿನವೂ ನೋಡಿರಲಿಲ್ಲ. ಬೇರೆಯವರು ಮರೆತರೆ ಬೈಯುತ್ತಿದ್ದವರು ಅವರೇ. ಆ ದಿನ ಯಾಕೆ ಎಳೆಯಲಿಲ್ಲ? ಯೋಚನೆ ಮಾಡಿದಷ್ಟೂ ನನಗೆ ಒಂದೇ ಉತ್ತರ ಹೊಳೆಯುತ್ತಿತ್ತು. ನಿಂತೋಯ್ತು ಅಂತ ನಾನು ಕೂಗಿದ್ದೆ, ಅದಕ್ಕೇ.

ಎರಡು ದಿನ ಬಿಟ್ಟು ಯಜಮಾನರ ಹತ್ತಿರ ಹೋಗಿ, ತಪ್ಪು ಪ್ರೋಗ್ರಾಮಿನದು, ಅಂದರೆ ನನ್ನದು, ಅಂದೆ. ಅವರು ಕಾಗದದಿಂದ ಮುಖ ಎತ್ತಲಿಲ್ಲ. "ಅವನೇ ಒಪ್ಕೊಂಡಿದಾನಲ್ಲಮ್ಮ. ನೀನ್ಯಾಕೆ ಇಲ್ಲದ್ದು ಎಳ್ಕೋತೀಯ? ಹೋಗಿ ಸರಿ ಮಾಡು," ಅಂದರು. ಅವರು ನನ್ನನ್ನು ಉಳಿಸಿದರೋ, ಸುಮ್ಮನೆ ಬೇಸರವಾಗಿ ಅಂದರೋ ಗೊತ್ತಾಗಲಿಲ್ಲ.

ಸರಿ ಮಾಡಿದೆ. ಆಶ್ಚರ್ಯ ಅಂದರೆ ಈ ಸಲ ಅರ್ಧ ದಿನವೂ ಹಿಡಿಯಲಿಲ್ಲ. ಬಟನ್ ಒಳಗಿನ ಪೆಟ್ಟಿಗೆಯಲ್ಲೇ ಇರಲಿ. ಅದು ಒಳಗಿನ ಲೂಪನ್ನು ನಿಲ್ಲಿಸಲಿ. ಸುತ್ತು ತಾನಾಗಿ ಮುಗಿಯಿತೋ, ಯಾರಾದರೂ ಬಟನ್ ಒತ್ತಿದರೋ ಅನ್ನುವ ಸುದ್ದಿ ಅಲ್ಲಿಂದ ತಂತಿಯಲ್ಲಿ ಆಚೆ ಬರಲಿ. ಒತ್ತಿದ್ದರೆ ಹೊರಗಿನ ಲೂಪ್ ಕೂಡ ಅಲ್ಲಿಗೇ ಮುಗಿಯಲಿ. ಎರಡೂ ಮುಗಿದ ಮೇಲೆ, ಎರಡರಿಂದಲೂ ಹೊರಗೆ, ಮೋಟರಿಗೆ ನಿಲ್ಲು ಅನ್ನುವ ಕೊನೆಯ ಆಜ್ಞೆ ಹೋಗಲಿ. ಒಂದು ತಂತಿ ಹೆಚ್ಚು, ಒಂದು ಚೌಕ ಹೆಚ್ಚು, ಅಷ್ಟೇ. ನೂರು ಸಲ ಒತ್ತಿ ನೋಡಿದೆ. ಒತ್ತಿ ಒತ್ತಿ ಎರಡೆರಡು ನಿಮಿಷ ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಮೋಟರ್ ಮತ್ತೆ ಏಳಲಿಲ್ಲ.

ಇಪ್ಪತ್ತು ದಿನದ ಮೇಲೆ ಅದನ್ನು ಕಾಗದದ ಮೇಲೆ ಬರೆದುಕೊಂಡು ಅವರ ಮನೆಗೆ ಹೋದೆ. ಬ್ಲಫ್ ಹತ್ತಿರದ ಹಳ್ಳಿ, ಬಸ್ಸಿಳಿದು ಸ್ವಲ್ಪ ನಡೆಯಬೇಕು. ಜಗುಲಿಯ ಮೇಲೆ ಕೂತಿದ್ದರು, ಕೈಗೆ ಬಿಳಿ ಬಟ್ಟೆ ಸುತ್ತಿತ್ತು. ನನ್ನನ್ನು ಕಂಡು ಮುಖ ಅಗಲವಾಯಿತು. "ಬಾರವ್ವ, ಬಾ" ಅಂದು ಒಳಗೆ ಹೆಂಡತಿಗೆ ಕಾಫಿ ಇಡಲು ಹೇಳಿದರು. ಕಾಗದ ಕೊಟ್ಟೆ. ತೊಡೆಯ ಮೇಲೆ ಹರಡಿಕೊಂಡು ಎಡಗೈ ಬೆರಳಿನಲ್ಲಿ ಒಳಗಿನ ಪೆಟ್ಟಿಗೆಯಿಂದ ತಂತಿ ಹಿಡಿದು ಆಚೆ ತನಕ ಬಂದರು.

"ಒಳಗ್ಲದು ಮೊದ್ಲು. ಆಮೇಲೆ ಆಚೇದು. ಆಮೇಲೆ ಮೋಟ್ರು." ಕಾಗದ ತಿರುಗಿ ಕೊಟ್ಟು, "ಸರಿಯಾಗದೆ ಕಣವ್ವ," ಅಂದರು.

ಅಷ್ಟಕ್ಕೇ ನನಗೆ ಅಳು ಬಂದುಬಿಟ್ಟಿತು. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ. ಹಾಗೆ ಮುಚ್ಚಿಕೊಂಡೇ ಕೇಳಿದೆ: "ನಾನು ನಿಂತೋಯ್ತು ಅಂದಿದ್ಕೇ ಕೈ ಹಾಕುದ್ರಾ ಅಣ್ಣ? ನನ್ನ ಮಾತು ನಂಬ್ಕಂಡು?"

"ಊಂ ಕಣವ್ವ. ಊಂ," ಅಂದರು. ಬಹಳ ಮೆತ್ತಗೆ ಅಂದರು. ಆಮೇಲೆ, "ಕಾಪಿ ಆರೋಯ್ತದೆ, ಕುಡಿ."

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ನಾನು ಎರಡು ವರ್ಷ ಅಲ್ಲೇ ಇದ್ದು, ಆಮೇಲೆ ಮಂಡ್ಯದ ಒಂದು ಕಾಲೇಜಿನ ಲ್ಯಾಬಿಗೆ ಸೇರಿದೆ. ಮದುವೆ, ಮಗು, ಮನೆ... ಫಿಟ್ಟರಣ್ಣನನ್ನು ನೋಡಲು ಮಾತ್ರ ಹೋಗಲಿಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬ್ಲಫ್ ಬೋರ್ಡು ಕಂಡರೆ ಬೇರೆ ಕಡೆ ನೋಡುತ್ತಿದ್ದೆ. ಆ ಊಂ ಅನ್ನುವುದನ್ನು ಇನ್ನೊಂದು ಸಲ ಕೇಳಲು ಧೈರ್ಯವಿರಲಿಲ್ಲ. ಆದರೆ ಒಬ್ಬಳೇ ಇದ್ದಾಗ ಎಷ್ಟೋ ಸಲ ಅದನ್ನು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದೇನೆ.

ಆ ಭಾನುವಾರ ವಾರ್ನಿಷ್ ವಾಸನೆ ಮೂಗಿಗೆ ಬಡಿದದ್ದೇ, ಅದೇನಾಯಿತೋ, ಮೋಟರನ್ನು ನೀನೇ ತಗೊಂಡು ಹೋಗು ಅಂತ ತಮ್ಮನಿಗೆ ಹೇಳಿ ನಾನು ಬ್ಲಫ್ ಬಸ್ಸು ಹತ್ತಿದೆ. ಏನು ಹೇಳಬೇಕು, ಏನು ಕೇಳಬೇಕು, ಒಂದೂ ಗೊತ್ತಿರಲಿಲ್ಲ.

ಮನೆ ಹಾಗೇ ಇತ್ತು. ಅವರ ಹೆಂಡತಿ ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಯಾರು ಅಂತ ಮೊದಲು ಗುರುತು ಸಿಗಲಿಲ್ಲ. ಮದ್ದೂರಿನ ಶೆಡ್ಡು ಅಂದೊಡನೆ, "ಓ, ಕಂಪ್ಯೂಟ್ರು ಉಡ್ಗಿ ಅಲ್ವಾ!" ಅಂದರು. ಅಣ್ಣ ಎಲ್ಲಿ ಅಂತ ಕೇಳಿದೆ. ಮೊರ ಪಕ್ಕಕ್ಕಿಟ್ಟರು.

"ನಿಮ್ಮಣ್ಣ ಓಗಿ ಎರಡು ವರ್ಸ ಆಯ್ತಲ್ಲವ್ವ. ನಾಕು ದಿನ ಜ್ವರ ಅಷ್ಟೇಯ."

ನಾನು ಅಲ್ಲೇ ಜಗುಲಿಯ ಮೇಲೆ ಕೂತೆ. ಎರಡು ವರ್ಷ... ಆ ಎರಡು ವರ್ಷದಲ್ಲಿ ನಾನು ಎಷ್ಟು ಸಲ ಮಳವಳ್ಳಿಗೆ ಬಂದು ಹೋಗಿದ್ದೆ. ಅತ್ತಿಗೆ ನೀರು ತಂದುಕೊಟ್ಟರು. ಏನಾದರೂ ಮಾತಾಡಬೇಕಲ್ಲ ಅಂತ ಆ ದಿನದ ವಿಷಯ ಎತ್ತಿದೆ. ಮೋಟರ್ ನಿಂತಿದೆ ಅಂತ ಕೂಗಿದವಳು ನಾನು, ಅದನ್ನು ಕೇಳಿಕೊಂಡೇ ಅಣ್ಣ ಕೈ ಹಾಕಿದ್ದು ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಅವರ್ಗೆ ಕಿವಿ ಎಲ್ಲಿ ಕೇಳ್ತಿತ್ತವ್ವ?"

ನನಗೆ ಅರ್ಥವಾಗಲಿಲ್ಲ.

"ಸಣ್ಣೋರಿದ್ದಾಗ್ಲೇ ಸೋರಿ ಸೋರಿ ಓಗಿತ್ತು. ಬಲಗಡೇದು ಪೂರಾ ಇಲ್ಲ. ಎಡಗಡೇದು ಒಸಿ. ಮೊಕ ನೋಡ್ಕಂಡು ಮಾತಾಡುದ್ರೆ ತುಟಿ ನೋಡಿ ತಿಳ್ಕಳೋರು. ಕ್ಯಾಮೆ ತೆಗ್ದುಬುಡ್ತಾರೆ, ಯಾರ್ಗೂ ಯೋಳ್ಬ್ಯಾಡ ಅಂದಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಕೇಳ್ನಿಲ್ಲ ಅಂದ್ರೆ ಎಲ್ಲದ್ಕೂ ಊಂ ಅಂದ್ಬುಡೋರು. ನನ್ಗೂ ಅಂಗೇಯ, ನಲವತ್ತು ವರ್ಸ."

ಬಸ್ಸಿನಲ್ಲಿ ಮೌನವಾಗಿರುತ್ತಿದ್ದದ್ದು, ಎದುರಿಗೇ ಬಂದು ನಿಂತು ಮಾತಾಡುತ್ತಿದ್ದದ್ದು, ಮೋಟರಿನ ಮೇಲೆ ಅಂಗೈ ಇಡುತ್ತಿದ್ದದ್ದು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ಕೈಸನ್ನೆ ಮಾಡುತ್ತಿದ್ದೆವು. ಒಬ್ಬರು ಮಾತ್ರ ಕಿವಿ ಕೇಳದೆ ಸನ್ನೆ ಮಾಡುತ್ತಿದ್ದಾರೆ ಅಂತ ಯಾರಿಗೆ ಗೊತ್ತಾಗಬೇಕು? ಆ ಬುಧವಾರ ನಮ್ಮಿಬ್ಬರ ನಡುವೆ ಮಾನಿಟರ್ ಇತ್ತು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಈ ಜಗುಲಿಯ ಮೇಲೆ ಆ ಪ್ರಶ್ನೆ ಕೇಳುವಾಗ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದೆ.

ಹಾಗಾದರೆ ಅವರು ಕೈ ಹಾಕಿದ್ದು ಯಾಕೆ? ಮೋಟರ್ ನಿಂತದ್ದನ್ನು ಕಣ್ಣಲ್ಲಿ ನೋಡಿ, ಊಟದ ಹೊತ್ತಾಯಿತು ಅಂತ ಅವಸರದಲ್ಲೋ? ಪೂರ್ತಿ ನಿಂತಿದೆಯೋ ಇಲ್ಲವೋ ಅಂತ ಅಂಗೈ ಇಟ್ಟು ನೋಡಲೋ? ಅಥವಾ ಎಡಗಿವಿಗೆ ನನ್ನ ಕೂಗು ಒಂದಿಷ್ಟು ಬಿದ್ದಿತ್ತೋ... ತಮ್ಮದೇ ತಪ್ಪು ಅಂತ ಅವರು ಯಜಮಾನರಿಗೆ ಅಂದದ್ದು ನನ್ನನ್ನು ಕಾಯಲಿಕ್ಕೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೋ? ಒಂದು ಹೌದು ಅನ್ನಿಸಿದರೆ ಇನ್ನೊಂದೂ ಹೌದು ಅನ್ನಿಸುತ್ತದೆ. ಅತ್ತಿಗೆಯನ್ನು ಕೇಳಿದೆ, ಆ ದಿನದ ಬಗ್ಗೆ ಮನೆಯಲ್ಲಿ ಏನಾದರೂ ಹೇಳಿದ್ದರಾ ಅಂತ. "ಮಿಷನ್ನು ಕೈ ಇಡ್ಕತ್ತು ಅಂದ್ರು. ಇನ್ನೇನ್ ಯೋಳ್ತಾರೆ?" ಅಂದರು.

ಹಿಂತಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತಿಗೆ ಊಟ ಮಾಡಿಕೊಂಡು ಹೋಗು ಅಂದರು. ಬಿಸಿ ಮುದ್ದೆ, ಹುರುಳಿ ಸಾರು. ನಾನು ಉಂಡೆ. ಅವರು ಎದುರಿಗೆ ಕೂತು ಮಕ್ಕಳೆಷ್ಟು, ಯಾವ ಕ್ಲಾಸು ಅಂತೆಲ್ಲ ಕೇಳಿದರು. ಹೇಳುತ್ತಾ ಹೋದೆ. ಮನಸ್ಸೆಲ್ಲ ಬೇರೆ ಕಡೆ ಇತ್ತು.

ಕೇಳಿದವರು ಯಾರಾದರೂ, ಹಗುರಾಯಿತಲ್ಲ ಬಿಡು ಅನ್ನಬಹುದು. ನನ್ನ ಗಂಡನೂ ಹಾಗೇ ಅಂದರು. ಲೂಪ್ ತಪ್ಪು ಮಾಡಿದ್ದು ನಾನೇ, ಅದು ಹಾಗೇ ಇದೆ. ಆದರೆ ನನ್ನ ಮಾತು ಕೇಳಿ ಅವರು ಬೆರಳು ಕಳೆದುಕೊಳ್ಳಲಿಲ್ಲ ಅನ್ನುವುದಾದರೆ ಎದೆ ಸ್ವಲ್ಪವಾದರೂ ಹಗುರಾಗಬೇಕಿತ್ತು. ಆಗಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿ, ಏನೂ ಬಾರದವಳು ಕೂಗಿದ ಒಂದು ಮಾತನ್ನು ಒಬ್ಬ ಹಿರಿಯ ಮನುಷ್ಯ ನಂಬಿದ್ದರು ಅಂತ ಹನ್ನೆರಡು ವರ್ಷ ಇಟ್ಟುಕೊಂಡಿದ್ದೆ. ನೆನೆದಾಗಲೆಲ್ಲ ಸಂಕಟವಾಗುತ್ತಿತ್ತು. ಆದರೂ ಅಷ್ಟು ನಂಬಿಕೆ ನನ್ನ ಮೇಲೆ ಬೇರೆ ಯಾರೂ ಇಟ್ಟಿರಲಿಲ್ಲ. ಈಗ ಅದು ನನ್ನದು ಹೌದೋ ಅಲ್ಲವೋ ತಿಳಿಯದು. ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ, ನಿಧಾನವಾಗಿ ಇನ್ನೊಂದು ಸಲ ಕೇಳೋಣವೆಂದರೆ ಅವರಿಲ್ಲ.